ಊರು ಸರಿಸುವ ತೀರ್ಮಾನ ಊರಿನವರದ್ದಾಗಲಿ

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆಯಿಂದ ನೆಲೆ ಕಳೆದುಕೊಳ್ಳುತ್ತಿರುವ ಮೂಲನಿವಾಸಿಗಳ ವಿಚಾರ ಬಂದಾಗ ಕರಗುವ ಹಿಮ, ಏರುವ ಕಡಲಿನ ಚರ್ಚೆ ಸಾಕಷ್ಟು ನಡೆಯುತ್ತದೆ. ಒಂದು ಊರನ್ನು ಇಡಿಯಾಗಿ ಸ್ಥಳಾಂತರಿಸಲು ತಕ್ಕ ಕಾನೂನು ಇಲ್ಲವೆಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ.

ಅಲಾಸ್ಕಾದ ನ್ಯೂಟಾಕ್ ಗ್ರಾಮವನ್ನೇ ನೋಡಬಹುದು. ಋತುವಿಗೆ ತಕ್ಕಂತೆ ಬೀಡು ಬದಲಿಸುತ್ತಿದ್ದ ಯುಪಿಕ್ ಜನರು ಅಲ್ಲಿ ಕಾಯಂ ನೆಲೆಸಲು ಸರ್ಕಾರ ಕಟ್ಟಿದ ಶಾಲೆಯೂ ಒಂದು ಕಾರಣವಾಗಿತ್ತು. ನಿಂಗ್ಲಿಕ್ ನದಿ ದಡ ಕೊರೆದು, ಹೆಪ್ಪುಗಟ್ಟಿದ್ದ ನೆಲ ಕರಗಿ ಕುಸಿಯತೊಡಗಿದಾಗ, 1990ರ ದಶಕದಲ್ಲೇ ಅವರು ಸುಮಾರು 9 ಮೈಲಿ ದೂರದ ಮೆರ್ಟಾರ್ವಿಕ್‌ಗೆ ಹೋಗುವುದೆಂದು ನಿರ್ಧರಿಸಿದರು. ಆ ಜಾಗದ ವಿನಿಮಯಕ್ಕೆ ಅಮೆರಿಕದ ಸಂಸತ್ತಿನ ಅನುಮೋದನೆ ದೊರೆತದ್ದು 2003ರಲ್ಲಿ. ಮೊದಲ ಕುಟುಂಬಗಳು ಅಲ್ಲಿ ನೆಲೆಸಿದ್ದು 2019ರಲ್ಲಿ. ವಿಪತ್ತು ಪರಿಹಾರಕ್ಕಿರುವ ಸ್ಟಾಫರ್ಡ್ ಕಾಯ್ದೆ ಚಂಡಮಾರುತ, ಪ್ರವಾಹಗಳಂತಹ ಹಠಾತ್ ಅನಾಹುತಗಳನ್ನು ಕಣ್ಣಮುಂದಿಟ್ಟುಕೊಂಡು ರೂಪುಗೊಂಡದ್ದರಿಂದ, ವರ್ಷವರ್ಷವೂ ಇಷ್ಟಿಷ್ಟೇ ಸವೆಯುವ ನೆಲ ಅದರ ಲೆಕ್ಕಕ್ಕೆ ಸಿಗಲಿಲ್ಲ. ವಿಪತ್ತು ಘೋಷಿಸಬೇಕೆಂಬ ಗ್ರಾಮದ ಮನವಿಯೂ ತಿರಸ್ಕೃತವಾಯಿತು. ಸ್ಥಳಾಂತರದ ಪೂರ್ಣ ಹೊಣೆ ಹೊತ್ತ ಇಲಾಖೆಯೊಂದೂ ಇರಲಿಲ್ಲ. ಜನರಿಲ್ಲದ ಜಾಗದಲ್ಲಿ ಶಾಲೆಗೆ ಹಣ ಸಿಗದು, ಶಾಲೆಯಿಲ್ಲದ ಜಾಗಕ್ಕೆ ಮಕ್ಕಳಿರುವ ಕುಟುಂಬಗಳು ಹೋಗಲಾರವು! ಇದನ್ನು ಬರೀ ಆಡಳಿತದ ವಿಳಂಬ ಎನ್ನಲು ನನಗೆ ಮನಸ್ಸಾಗುವುದಿಲ್ಲ, ಇದು ಅನ್ಯಾಯ.

ಹಣ ಬಂದ ಕಡೆಯೂ ಎಲ್ಲ ಸರಿಹೋಗಿಲ್ಲ. ಲೂಸಿಯಾನಾದ ಐಲ್ ಡಿ ಜೀನ್ ಚಾರ್ಲ್ಸ್ ದ್ವೀಪದ ಮೂಲನಿವಾಸಿಗಳ ಪುನರ್ವಸತಿಗೆ 2016ರಲ್ಲಿ ಸುಮಾರು 4.8 ಕೋಟಿ ಡಾಲರ್ ಮಂಜೂರಾಯಿತು. ಆದರೆ ಆ ಬುಡಕಟ್ಟಿಗೆ ಒಕ್ಕೂಟ ಸರ್ಕಾರದ ಮಾನ್ಯತೆ ಇರಲಿಲ್ಲ, ಅನುದಾನ ರಾಜ್ಯದ ಕೈಯಲ್ಲಿತ್ತು. ಚದುರಿಹೋಗಿದ್ದ ತಮ್ಮವರನ್ನೆಲ್ಲ ಮತ್ತೆ ಒಂದೆಡೆ ಸೇರಿಸಬೇಕೆಂಬ ಹಿರಿಯರ ಯೋಜನೆ, ರಾಜ್ಯದ ಕೈ ಸೇರಿದ ಮೇಲೆ, ಕುಟುಂಬಗಳಿಗೆ ಮನೆ ಹಂಚುವ ಕಾರ್ಯಕ್ರಮವಾಗಿ ಕುಗ್ಗಿತೆಂದು ಸಮುದಾಯದ ಮುಖಂಡರೇ ದೂರಿದ್ದಾರೆ.

ನಮ್ಮಲ್ಲಿ 15ನೇ ಹಣಕಾಸು ಆಯೋಗವು ಕೊರೆತದಿಂದ ನಿರಾಶ್ರಿತರಾದವರ ಪುನರ್ವಸತಿಗೆ ಪ್ರತ್ಯೇಕ ಹಣ ಶಿಫಾರಸು ಮಾಡಿದ್ದು ಸ್ವಾಗತಾರ್ಹ. ವನ್ಯಜೀವಿಗಳಿಗೆಂದು ಗುರುತಿಸಿದ ನಿರ್ಣಾಯಕ ಆವಾಸಸ್ಥಾನಗಳಿಂದ ಜನರನ್ನು ಸ್ಥಳಾಂತರಿಸಲು ಗ್ರಾಮಸಭೆಯ ಮುಕ್ತ ಸಮ್ಮತಿ ಬೇಕೆಂದು 2006ರ ಅರಣ್ಯ ಹಕ್ಕು ಕಾಯ್ದೆ ಹೇಳುತ್ತದೆ. ಕಡಲು, ನದಿ ನುಂಗುತ್ತಿರುವ ಊರುಗಳ ವಿಷಯದಲ್ಲೂ ಇದೇ ನಿಯಮವನ್ನು ಕಾನೂನಿನಲ್ಲಿ ಸೇರಿಸಿ, ಯಾವಾಗ, ಎಲ್ಲಿಗೆ, ಯಾರೊಂದಿಗೆ ಹೋಗಬೇಕೆಂಬ ನಿರ್ಧಾರವನ್ನೂ, ಬಿಟ್ಟುಬಂದ ನೆಲ ನೀರಿನ ಮೇಲಿನ ಹಕ್ಕನ್ನೂ ಆ ಸಮುದಾಯಗಳಿಗೇ ಉಳಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಸರ್ಕಾರವನ್ನು ಒತ್ತಾಯಿಸುತ್ತೇನೆ.

ಇಂತಿ,
ನಿಮ್ಮ ಓದುಗ