ಸುನ್ನಿ, ಶಿಯಾ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಸುನ್ನಿ, ಶಿಯಾ ಎರಡು ಬೇರೆ ಧರ್ಮಗಳೇ ಅಂತ ಕೇಳಿದ್ದೀಯ. ಖಂಡಿತ ಅಲ್ಲ. ದೇವರು ಒಬ್ಬನೇ, ಮುಹಮ್ಮದರು ಕೊನೆಯ ಪ್ರವಾದಿ, ಸತ್ತ ಮೇಲೆ ಲೆಕ್ಕ ಒಪ್ಪಿಸುವ ದಿನವೊಂದಿದೆ ಅನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಓದುವ ಕುರಾನ್ ಒಂದೇ, ಹಜ್‌ಗೆ ಹೋದಾಗ ಸುತ್ತುವ ಮೆಕ್ಕಾದ ಕಾಬಾವೂ ಒಂದೇ. ರಂಜಾನ್ ಉಪವಾಸ, ಜಕಾತ್ ಅನ್ನುವ ಕಡ್ಡಾಯ ದಾನ ಇಬ್ಬರಿಗೂ ಉಂಟು.

ದಾರಿ ಕವಲೊಡೆದದ್ದು 632ರಲ್ಲಿ, ಪ್ರವಾದಿಯವರು ತೀರಿಕೊಂಡಾಗ. ಮದೀನಾದಲ್ಲಿ ಸೇರಿದ ಹಿರಿಯರು ಪ್ರವಾದಿಯವರ ಒಡನಾಡಿ ಅಬೂಬಕರ್ ಅವರನ್ನು ಖಲೀಫರನ್ನಾಗಿ, ಅಂದರೆ ಸಮುದಾಯದ ಮುಖಂಡರನ್ನಾಗಿ ಆರಿಸಿದರು. ಸುನ್ನಿಗಳಿಗೆ ಅದು ಸರಿಯಾದ ಆಯ್ಕೆ. ಶಿಯಾಗಳು ಹೇಳುವುದೇ ಬೇರೆ: ಕೊನೆಯ ಹಜ್ ಮುಗಿಸಿ ಮರಳುವಾಗ ಗದೀರ್ ಖುಮ್‌ನಲ್ಲಿ ಪ್ರವಾದಿಯವರು ಅಳಿಯ ಅಲಿಯವರ ಕೈ ಎತ್ತಿ ಹಿಡಿದು ಆಡಿದ ಮಾತೇ ಅಲಿಯವರನ್ನು ಉತ್ತರಾಧಿಕಾರಿಯಾಗಿ ಮಾಡಿದ ನೇಮಕ. ಆ ಮಾತನ್ನು ಸುನ್ನಿಗಳೂ ಅಲ್ಲಗಳೆಯುವುದಿಲ್ಲ, ಅದು ಪ್ರೀತಿ ಗೌರವದ ಮಾತು ಅನ್ನುತ್ತಾರೆ ಅಷ್ಟೆ.

ಇದನ್ನು ಬರೀ ಗದ್ದುಗೆಯ ಜಗಳ ಅಂದುಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪ್ರವಾದಿಯವರ ನಂತರ ಧರ್ಮವನ್ನು ಯಾರಿಂದ ಕಲಿಯಬೇಕು ಅನ್ನುವುದು ಇಲ್ಲಿಯ ಪ್ರಶ್ನೆ. ಸುನ್ನಿಗಳು ಪ್ರವಾದಿಯವರ ಒಡನಾಡಿಗಳು ದಾಟಿಸಿದ್ದನ್ನು ನೆಚ್ಚಿದರು. ಹನಫಿ, ಶಾಫಿ, ಮಾಲಿಕಿ, ಹಂಬಲಿ ಅನ್ನುವ ಧರ್ಮಶಾಸ್ತ್ರದ ಪಂಥಗಳು ಬೆಳೆದದ್ದು ಹಾಗೆ. ಶಿಯಾಗಳಿಗೆ ಪ್ರವಾದಿಯವರ ಮನೆತನದ ಇಮಾಮರೇ, ಅಂದರೆ ಧರ್ಮದ ಮುಂದಾಳುಗಳೇ ದಾರಿ. ಅವರಲ್ಲಿ ಬಹುಪಾಲು ಜನ ಹನ್ನೆರಡು ಇಮಾಮರನ್ನು ನಂಬುತ್ತಾರೆ. ಹನ್ನೆರಡನೆಯವರು ಕಣ್ಮರೆಯಾಗಿದ್ದಾರೆ, ಮತ್ತೆ ಬರುತ್ತಾರೆ ಅನ್ನುವುದು ಅವರ ನಂಬಿಕೆ.

ನಮಾಜಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಸುನ್ನಿಗಳು ಸಾಮಾನ್ಯವಾಗಿ ಕೈಕಟ್ಟಿ ನಿಲ್ಲುತ್ತಾರೆ, ಶಿಯಾಗಳು ಕೈ ಇಳಿಬಿಡುತ್ತಾರೆ. ಆದರೆ ಮಾಲಿಕಿ ಸುನ್ನಿಗಳಲ್ಲೂ ಅನೇಕರು ಕೈ ಇಳಿಬಿಡುವುದರಿಂದ ಇಷ್ಟನ್ನೇ ನೋಡಿ ತೀರ್ಮಾನಿಸಬೇಡ. ಸಜ್ದಾ ಮಾಡುವಾಗ, ಅಂದರೆ ಹಣೆ ನೆಲಕ್ಕೆ ತಾಗಿಸಿ ಬಾಗುವಾಗ, ಶಿಯಾಗಳ ಹಣೆ ಮಣ್ಣನ್ನೋ ಕಲ್ಲನ್ನೋ, ತಿನ್ನಲು ಉಡಲು ಬಾರದ ಬೆಳೆಯನ್ನೋ ಮುಟ್ಟಬೇಕು. ಅದಕ್ಕೇ ಅಂಗೈಯಲ್ಲಿ ಹಿಡಿಸುವ ಮಣ್ಣಿನ ಬಿಲ್ಲೆ, ಹೆಚ್ಚಾಗಿ ಇರಾಕಿನ ಕರ್ಬಲಾದ ಮಣ್ಣಿನದು. ಬಿಲ್ಲೆಯನ್ನು ಪೂಜಿಸುತ್ತಾರೆ ಅನ್ನುವುದು ಶುದ್ಧ ತಪ್ಪು. ದಿನದ ಐದು ನಮಾಜುಗಳನ್ನು ಮೂರು ಹೊತ್ತಿನಲ್ಲಿ ಸೇರಿಸಿ ಮಾಡುವುದೂ ಅವರಲ್ಲಿ ರೂಢಿ.

ಕರ್ಬಲಾ ಅಂದೆನಲ್ಲ, 680ರ ಮೊಹರಂ ಹತ್ತರಂದು ಪ್ರವಾದಿಯವರ ಮೊಮ್ಮಗ ಹುಸೇನ್ ಸುಮಾರು ಎಪ್ಪತ್ತು ಸಂಗಡಿಗರೊಂದಿಗೆ ಆಗಿನ ಖಲೀಫ ಯಜೀದನ ಸೈನ್ಯದ ಕೈಯಲ್ಲಿ ಹತರಾದದ್ದು ಅಲ್ಲೇ. ಯೂಫ್ರೆಟಿಸ್ ನದಿ ಹತ್ತಿರವಿದ್ದೂ ಅವರಿಗೆ ನೀರು ತಪ್ಪಿಸಿದ್ದರು. ಶಿಯಾಗಳಿಗೆ ಅದು ಶೋಕದ ದಿನ. ಮೂಸಾ (ಮೋಸೆಸ್) ಪ್ರವಾದಿ ಈಜಿಪ್ಟಿನ ದೊರೆ ಫರೋನನಿಂದ ಪಾರಾದ ನೆನಪಿಗೆ ಸುನ್ನಿಗಳಲ್ಲಿ ಅನೇಕರು ಆ ದಿನ ಉಪವಾಸವಿರುತ್ತಾರೆ. ಹಾಗಂತ ಹುಸೇನರ ಸಾವಿಗೆ ಸುನ್ನಿಗಳು ಮರುಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ.

ಶಿಯಾಗಳ ಬೇರೆ ಕವಲುಗಳಾದ ಇಸ್ಮಾಯಿಲಿ, ಜೈದಿಗಳ ವಿಷಯ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಇಂತಿ,
ನಿನ್ನ ಗೆಳೆಯ