ಹದಿಮೂರರ ಮಗ್ಗಿ ಹೇಳಿಕೊಂಡು ಓಡಿದೆ

ಮೈಸೂರು, ಜನವರಿ 8

ಪುಟ್ಟಿ,

ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರು ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸೋಮವಾರ ಕುಕ್ಕರಹಳ್ಳಿ ಕೆರೆಯ ಹತ್ತಿರ ಓಡಿದೆ. ಹೌದು, ಈ ಚಳಿಯಲ್ಲೇ. ಟೊರಾಂಟೊದಲ್ಲಿ ಮೈನಸ್ 10ರಲ್ಲಿ ಬಸ್ಸಿಗೆ ಕಾಯುವವಳು ನೀನು, ನಮ್ಮ 14 ಡಿಗ್ರಿ ತೋರಿಸಿ ನನ್ನನ್ನು ಹೆದರಿಸಬೇಡ.

ಹೋದ ವರ್ಷದ್ದು ನಿನಗೆ ಪೂರ್ತಿ ಹೇಳಿರಲಿಲ್ಲ. ಜುಲೈನಲ್ಲಿ ಡೆಂಗಿ ಬಂದಾಗ ಪ್ಲೇಟ್‌ಲೆಟ್ 'ಸ್ವಲ್ಪ ಕಡಿಮೆ' ಅಂದಿದ್ದೆ ಅಲ್ವಾ? ಒಂದೂವರೆ ಲಕ್ಷವಾದರೂ ಇರಬೇಕಾದದ್ದು 31,000ಕ್ಕೆ ಇಳಿದಿತ್ತು. ಪಕ್ಕದ ಮನೆಯವರು ಪರಂಗಿ ಎಲೆಯ ರಸ ತಂದುಕೊಟ್ಟರು. ಡಾಕ್ಟರು ನಕ್ಕು, ನೀರು, ಎಳನೀರು ಚೆನ್ನಾಗಿ ಕುಡಿಯಿರಿ ಸಾಕು ಅಂದರು. ರಸವನ್ನೂ ಕುಡಿದೆ, ಪಾಪ, ತಂದವರ ಮನಸ್ಸು ನೋಯಬಾರದಲ್ಲ. ಜ್ವರ ವಾರಕ್ಕೆ ಬಿಟ್ಟಿತು, ಸುಸ್ತು ಬಿಡಲಿಲ್ಲ. ತಲೆ ಬಾಚಿಕೊಳ್ಳುತ್ತ ಅರ್ಧಕ್ಕೆ ಕೂತುಬಿಡುತ್ತಿದ್ದೆ.

ಇನ್ನೇನು ಸರಿಹೋಯಿತು ಅನ್ನುವಾಗ ಸೆಪ್ಟೆಂಬರಿನಲ್ಲಿ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿದೆ. ಆಮೇಲಿನದು ನಿನಗೆ ಗೊತ್ತು. ಆರು ವಾರ ಪ್ಲಾಸ್ಟರ್. ಜಂಬೂ ಸವಾರಿಯನ್ನು ನೀನು ಅಲ್ಲಿ ಮೊಬೈಲಿನಲ್ಲಿ ನೋಡಿದೆ, ನಾನು ಇದೇ ಊರಿನಲ್ಲಿ ಕೂತು ಟೀವಿಯಲ್ಲಿ ನೋಡಿದೆ. ಪ್ಲಾಸ್ಟರ್ ಬಿಚ್ಚಿದಾಗ ಮೀನಖಂಡ ಕರಗಿ ಕಾಲು ನುಗ್ಗೆಕಾಯಿ ಆಗಿತ್ತು. ಚರ್ಮ ಈರುಳ್ಳಿ ಸಿಪ್ಪೆ ಹಾಗೆ ಏಳುತ್ತಿತ್ತು.

ಫಿಸಿಯೋ ಹುಡುಗಿಗೆ ನಿನ್ನದೇ ವಯಸ್ಸು, ನಿನಗಿಂತ ಜೋರು. ಆ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ 25 ಸಲ ಎತ್ತಲು ಬರುವ ತನಕ ಓಟದ ಮಾತೇ ಬೇಡ ಅಂದಳು. ಮೊದಲ ದಿನ ಒಂದು ಸಲವೂ ಆಗಲಿಲ್ಲ. ಮನಸ್ಸು ಎತ್ತು ಅನ್ನುತ್ತದೆ, ಕಾಲಿಗೆ ಕಿವಿಯೇ ಇಲ್ಲ. ದಿನಾ ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತು ಅಡುಗೆಕಟ್ಟೆ ಹಿಡಿದುಕೊಂಡು ಎತ್ತಿದೆ. ನವೆಂಬರಿನಲ್ಲಿ ಆರಾಯಿತು, ಹನ್ನೊಂದಾಯಿತು. ಡಿಸೆಂಬರ್ ಕೊನೆಗೆ ಎಣಿಸುತ್ತ ಎಣಿಸುತ್ತ 25 ಮುಟ್ಟಿದೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ತುಂಬಾ ಚೆಲ್ಲಿತ್ತು. ನಾನು ನಗುತ್ತಾ ನಿಂತಿದ್ದೆ. ಅಪ್ಪ ಬಂದು ನೋಡಿ, ಒರೆಸುವ ಬಟ್ಟೆ ಹುಡುಕಲು ಹೋದರು.

ಈಗ ಸೂರ್ಯ ಹುಟ್ಟುವುದೇ ಆರು ಮುಕ್ಕಾಲರ ಹತ್ತಿರ. ನಾನು ಹೋದಾಗ ಕೆರೆಯ ಮೇಲೆ ಮಂಜು, ಆಚೆ ದಡ ಕಾಣುತ್ತಿರಲಿಲ್ಲ. ಹೆಜ್ಜಾರ್ಲೆಗಳು ಕಾಣಲಿಲ್ಲ, ರೆಕ್ಕೆ ನೀರಿಗೆ ಬಡಿಯುವ ಸದ್ದು ಮಾತ್ರ. ಚಳಿಗೆ ಕಾಲಿನ ಗಂಟು ಬಿಗಿಯುತ್ತದೆ, ಅದಕ್ಕೇ ಮೊದಲು ಹತ್ತು ನಿಮಿಷ ಸುಮ್ನೆ ನಡೆದೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಡುವಾಗ ಮಾತಾಡಲು ಬರುವಷ್ಟು ನಿಧಾನ ಇರಬೇಕಂತೆ. ಮಾತಾಡಲು ಜೊತೆಗೆ ಯಾರಿದ್ದಾರೆ? ಹದಿಮೂರರ ಮಗ್ಗಿ ಹೇಳಿಕೊಂಡು ಓಡಿದೆ. ಮೂರನೇ ಕ್ಲಾಸಿನಲ್ಲಿ ನೀನು ಹದಿಮೂರೇಳ್ಲ ತೊಂಬತ್ತೊಂದಕ್ಕೆ ಬಂದು ನಿಂತುಬಿಡುತ್ತಿದ್ದೆ. ಮೊದಲ ಸಲ ನನ್ನ ಉಸಿರೂ ಅಲ್ಲೇ ನಿಂತಿತು!

ಮಂಕಿ ಕ್ಯಾಪ್ ಹಾಕಿದ್ದ ಅಜ್ಜ ಒಬ್ಬರು ನಡೆದುಕೊಂಡೇ ನನ್ನನ್ನು ದಾಟಿ ಹೋದರು. ಮೊದಲಾಗಿದ್ದರೆ ಅವಮಾನ ಆಗುತ್ತಿತ್ತು. ಎರಡು ವರ್ಷದ ಹಿಂದೆ 5 ಕಿಲೋಮೀಟರಿಗೆ 34 ನಿಮಿಷ ಆದದ್ದಕ್ಕೆ, 33 ಆಗಲಿಲ್ಲವಲ್ಲ ಅಂತ ಮುಖ ಊದಿಸಿಕೊಂಡಿದ್ದವಳು ನಾನೇ. ಸೋಮವಾರ ಅಜ್ಜನಿಗೆ ನಮಸ್ಕಾರ ಅಂದೆ. ಓಡುತ್ತಲೇ ಅಂದೆ, ಅದು ಮುಖ್ಯ.

ನಾಲ್ಕನೇ ಸಲಕ್ಕೆ ಬೆರಳ ತುದಿ ಬಿಸಿಯಾಯಿತು. ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿದೆ. ಮುಖಕ್ಕೆ ತಣ್ಣನೆ ಗಾಳಿ, ಒಳಗೆ ಬೆಚ್ಚಗೆ. ಜುಲೈನಿಂದ ಈ ಮೈ ಅಂದರೆ ಬರೀ ಸೂಜಿ, ಮಾತ್ರೆ, ರಿಪೋರ್ಟು ಆಗಿಹೋಗಿತ್ತು. ಇದು ನನ್ನದೇ ಅಂತ ಅವತ್ತು ಮತ್ತೆ ಅನ್ನಿಸಿತು. ಹತ್ತು ಸಲ ಮುಗಿದಾಗ ಇನ್ನೊಂದು ಓಡೋಣ ಅಂತ ಆಸೆಯಾಯಿತು. ಓಡಲಿಲ್ಲ, ಫಿಸಿಯೋ ಹುಡುಗಿ ನೆನಪಾದಳು. ಕಾಲು ಊದಿಲ್ಲ, ನೋವಿಲ್ಲ. ಇನ್ನು ವಾರಕ್ಕೆ ಮೂರೇ ದಿನ, ಜಾಸ್ತಿ ಇಲ್ಲ.

ಅಪ್ಪನಿಗೆ ಮಾತ್ರ ಹೇಳಿಲ್ಲ. ಧನುರ್ಮಾಸ ಅಲ್ವಾ, ಒಂಟಿಕೊಪ್ಪಲಿನ ವೆಂಕಟರಮಣನ ಗುಡಿಗೆ ಅಂತ ಹೇಳಿ ಹೊರಡುತ್ತೇನೆ. ಸುಳ್ಳಲ್ಲ, ಬರುವಾಗ ಹೋಗುತ್ತೇನೆ, ದೊನ್ನೆಯಲ್ಲಿ ಬಿಸಿ ಹುಗ್ಗಿ ತರುತ್ತೇನೆ. ಆದರೆ ನಿನ್ನೆ ನೋಡಿದರೆ, ಇಬ್ಬನಿಗೆ ನೆಂದಿದ್ದ ನನ್ನ ಶೂ ಒಳಗೆ ಪೇಪರ್ ತುರುಕಿ ಜಗುಲಿಯ ಬಿಸಿಲಿಗೆ ಇಟ್ಟಿದ್ದಾರೆ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುಗ್ಗಿಗೆ ಇವತ್ತು ಮೆಣಸು ಜಾಸ್ತಿ ಅಂದರು, ಅಷ್ಟೇ.

ನಿನ್ನ ಅಮ್ಮ