ಶಾಲಾ ಗ್ರಂಥಾಲಯದಲ್ಲಿ ಪುಸ್ತಕದ ಪಕ್ಕ ಅಯಸ್ಕಾಂತವೂ ಇರಲಿ

ಮಾನ್ಯ ಸಂಪಾದಕರೇ,

ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗಳ ಸುದ್ದಿ ಓದಿದಾಗ ಖುಷಿಯಾಗುತ್ತದೆ. ಆದರೆ ಅಂಥ ಒಂದು ಲ್ಯಾಬ್‌ಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಬೇಕು. ನಮ್ಮ ತಿಪಟೂರು ಕಡೆಯ ಸಣ್ಣ ಹಳ್ಳಿಗಳ ಸರದಿ ಯಾವಾಗ ಬರುತ್ತದೋ! ಅಲ್ಲಿಯವರೆಗೆ ಆರು, ಏಳನೇ ಕ್ಲಾಸಿನ ಮಕ್ಕಳು ಸುಮ್ನೆ ಕಾಯಬೇಕೇ? ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪ್ರಯೋಗಾಲಯ ಅಪರೂಪ. ಗ್ರಂಥಾಲಯದ ಹೆಸರಲ್ಲಿ ಒಂದು ಬೀರುವಾದರೂ ಇರುತ್ತದಲ್ವಾ? ಕೈಯಾರೆ ಮಾಡಿ ಕಲಿಯುವ ವಿಜ್ಞಾನ ಅಲ್ಲಿಂದಲೇ ಶುರುವಾಗಲಿ.

ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಲೈಬ್ರರಿ ಪೀರಿಯಡ್ಡಿನಲ್ಲಿ ಮೇಜಿನ ಮೇಲೆ ಒಂದು ಡಬ್ಬ ಇಡುತ್ತಿದ್ದೆ. ಹಳೇ ಸ್ಪೀಕರಿನ ಅಯಸ್ಕಾಂತ, ಟಾರ್ಚ್ ಸೆಲ್, ಸೇಫ್ಟಿ ಪಿನ್ನು, ಕರೆಂಟು ತಡೆಯುವ ಎನಾಮಲ್ ಲೇಪದ ತಾಮ್ರದ ತಂತಿ. ತಂತಿಗೆ ದುಡ್ಡು ಕೊಡಬೇಕಾಗಿರಲಿಲ್ಲ. ಫ್ಯಾನು, ಪಂಪ್‌ಸೆಟ್ಟು ರಿವೈಂಡಿಂಗ್ ಮಾಡುವ ಅಂಗಡಿಯವರು ಮಕ್ಕಳಿಗೆ ಅಂದರೆ ತುಂಡು ತಂತಿ ಹಾಗೇ ಕೊಡುತ್ತಿದ್ದರು.

ಇವುಗಳಿಂದ ಮಕ್ಕಳು ಪುಟ್ಟ ಮೋಟಾರು ಮಾಡುತ್ತಿದ್ದರು. ತಂತಿಯನ್ನು ಸೆಲ್ಲಿಗೆ ಸುತ್ತಿ, ಹೊರತೆಗೆದು ಸುರುಳಿ ಮಾಡುತ್ತಿದ್ದರು. ಸೆಲ್ಲಿನ ಎರಡು ತುದಿಗೆ ಪಿನ್ನು ನಿಲ್ಲಿಸಿ, ಅವುಗಳ ಕಣ್ಣಿನಲ್ಲಿ ಸುರುಳಿಯ ತಂತಿಯ ತುದಿಗಳನ್ನು ಕೂರಿಸಿ, ಕೆಳಗೆ ಅಯಸ್ಕಾಂತ ಇಡುತ್ತಿದ್ದರು. ತಂತಿಯ ಎರಡೂ ತುದಿಯ ಎನಾಮಲ್ ಪೂರ್ತಿ ಕೆರೆದರೆ ಸುರುಳಿ ಅತ್ತಿತ್ತ ಓಲಾಡಿ ನಿಂತುಬಿಡುತ್ತದೆ. ಒಂದು ತುದಿಯಲ್ಲಿ ಅರ್ಧ ಬದಿ ಮಾತ್ರ ಕೆರೆದರೆ, ಮೆಲ್ಲಗೆ ತಟ್ಟಿದ ಕೂಡಲೇ ಗಿರ್ರನೆ ತಿರುಗುತ್ತದೆ. 'ಕಮ್ಮಿ ಕೆರೆದರೆ ಯಾಕೆ ಮಿಸ್ ತಿರುಗೋದು?' ಎಂದು ಅವರೇ ಕೇಳುತ್ತಿದ್ದರು. ಮೊದಲರ್ಧ ಸುತ್ತಿನಲ್ಲಿ ಮುಂದಕ್ಕೆ ತಳ್ಳಿದ ಬಲ ಉಳಿದರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ. ಆ ಹೊತ್ತಿಗೆ ಕೆರೆಯದ ಬದಿ ಪಿನ್ನಿಗೆ ತಾಗಿ ಕರೆಂಟು ಕಡಿದರೆ ಸುರುಳಿ ತನ್ನ ವೇಗದಲ್ಲೇ ಸುತ್ತು ಮುಗಿಸುತ್ತದೆ. ನಾನು ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೀರುವಿನ ಕಡೆ ಕೈ ತೋರಿಸುತ್ತಿದ್ದೆ. ಪುಸ್ತಕ ಅಂದರೆ ದೂರ ಸರಿಯುತ್ತಿದ್ದ ಹುಡುಗರೂ ಆಗ ವಿದ್ಯುತ್ತಿನ ಪಾಠ ಹುಡುಕಿ ಓದುತ್ತಿದ್ದರು. ಪ್ರಶ್ನೆ ಹುಟ್ಟಿದ ಜಾಗದಲ್ಲೇ ಪುಸ್ತಕ ಕೈಗೆ ಸಿಗಬೇಕು. ಅದಕ್ಕೇ ನಾನು ಗ್ರಂಥಾಲಯ ಎನ್ನುತ್ತಿರುವುದು.

ದುಡ್ಡಿಗಿಂತ ಜಾಸ್ತಿ ಅಡ್ಡಬರುವುದು ಹೆದರಿಕೆ. ಲೆನ್ಸ್ ಒಡೆದರೆ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ವಸ್ತು ಕಳೆದರೆ ಶಿಕ್ಷಕರೇ ಉತ್ತರ ಕೊಡಬೇಕು. ಹಾಗಾಗಿ ಎಷ್ಟೋ ಕಡೆ ಬೀರುವಿನ ಬೀಗ ತೆಗೆಯುವುದೇ ಇಲ್ಲ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಸೆಲ್, ಲೆನ್ಸ್, ಅಯಸ್ಕಾಂತಕ್ಕೆ ಬಳಸಬಹುದು ಎಂದು ಶಿಕ್ಷಣ ಇಲಾಖೆ ಸ್ಪಷ್ಟವಾಗಿ ಸುತ್ತೋಲೆ ಹೊರಡಿಸಲಿ. ಸೀಮೆಸುಣ್ಣದ ಹಾಗೆ ಇವುಗಳನ್ನೂ ಖರ್ಚಾಗುವ ಸಾಮಾನು ಎಂದು ಬರೆದುಕೊಳ್ಳಲು ಬಿಡಲಿ. ಪರೀಕ್ಷೆ ಹತ್ತಿರ ಬಂತೆಂದು ಲೈಬ್ರರಿ ಪೀರಿಯಡ್ಡನ್ನು ಗಣಿತಕ್ಕೆ ಕೊಡುವುದೂ ನಿಲ್ಲಲಿ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲೂ ಇಂಥದೊಂದು ಡಬ್ಬ ಇಟ್ಟರೆ ರಜಾ ದಿನಗಳಲ್ಲೂ ಮಕ್ಕಳಿಗೆ ಸಿಗುತ್ತದೆ. ಪಂಚಾಯತ್ ರಾಜ್ ಇಲಾಖೆಯವರು ಮೊದಲು ತಾಲ್ಲೂಕಿಗೊಂದು ಕೇಂದ್ರದಲ್ಲಿ ಮಾಡಿ ನೋಡಲಿ. ಮಾಡಿ ತೋರಿಸಲು ನಮ್ಮಂಥ ನಿವೃತ್ತ ಶಿಕ್ಷಕರು ಬರುತ್ತೇವೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತಿಪಟೂರು